ಪ್ಲಗಿನ್ ಆನ್ ಮಾಡಿದ ಕೂಡಲೇ ಹಾಡು ಚೆಂದ ಕೇಳುವುದೇಕೆ?

ಪ್ರಶ್ನೆ: ಬನಹಟ್ಟಿಯಲ್ಲಿ ಮನೆಯಲ್ಲೇ ಒಂದು ಸಣ್ಣ ಸ್ಟುಡಿಯೋ ಮಾಡಿಕೊಂಡಿದ್ದೇನೆ. ಜಾನಪದ ಹಾಡು, ಭಜನಾ ಪದ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತೇವೆ. ಈಚೆಗೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಒಂದು ಎನ್‌ಹಾನ್ಸರ್ ಪ್ಲಗಿನ್ ತಗೊಂಡೆ. ಮಾಸ್ಟರ್ (ಎಲ್ಲ ಟ್ರ್ಯಾಕ್ ಸೇರಿ ಹೊರಬೀಳುವ ಕಡೆ) ಮೇಲೆ ಹಾಕಿ ಆನ್ ಮಾಡಿದರೆ ಹಾಡಿಗೆ ಜೀವ ಬರುತ್ತದೆ, ಡಪ್ಪು ತುಂಬಿಕೊಂಡು ಕೇಳುತ್ತದೆ. ಆಫ್ ಮಾಡಿದರೆ ಎಲ್ಲ ಮಂಕು. ಆದರೆ ಯೂಟ್ಯೂಬ್‌ಗೆ ಹೋದ ಮೇಲೆ ಆ ಜೀವ ಎಲ್ಲೋ ಮಾಯ. ನಮ್ಮ ಗಾಯಕರಂತೂ ‘ನನ್ನ ದನಿ ಕಿವಿಗೆ ಚುಚ್ಚತೈತಿ’ ಅಂದರು. ಈ ಪ್ಲಗಿನ್ ನಿಜವಾಗಿ ಏನು ಮಾಡುತ್ತದೆ?

ಉತ್ತರ: ನೀವು ಕಳಿಸಿದ ಎರಡೂ ಫೈಲ್ ಕೇಳಿದೆ. ಮೊದಲು ಲೌಡ್‌ನೆಸ್ ಮೀಟರ್ ಹಾಕಿ ನೋಡಿದೆ. ಪ್ಲಗಿನ್ ಇಲ್ಲದ ಫೈಲ್ ಮೈನಸ್ 11.9 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಇದೆ, ಪ್ಲಗಿನ್ ಇರುವುದು ಮೈನಸ್ 9. ಅಂದರೆ ಆನ್ ಮಾಡಿದಾಗೆಲ್ಲ ಹಾಡು 2.9 ಡೆಸಿಬೆಲ್ ಜೋರಾಗುತ್ತಿದೆ. ನಿಮಗೆ ಕೇಳಿಸಿದ ‘ಜೀವ’ದ ದೊಡ್ಡ ಪಾಲು ಇಷ್ಟೇ.

ಇದು ನಿಮ್ಮ ಕಿವಿಯ ದೋಷವಲ್ಲ, ಎಲ್ಲರ ಕಿವಿಯೂ ಹೀಗೇ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಕೆಳಗಿನ ಬೇಸ್ ಮತ್ತು ತೀರಾ ಮೇಲಿನ ದನಿ ಕಡಿಮೆ ಕೇಳುತ್ತವೆ. ಸದ್ದು ಏರಿದ ಹಾಗೆ, ಮುಖ್ಯವಾಗಿ ಬೇಸ್, ಬೇಗ ತುಂಬಿಕೊಳ್ಳುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಾಗಾಗಿ ಒಂದು ಡೆಸಿಬೆಲ್ ಹೆಚ್ಚಾದರೆ ನಮಗೆ ‘ಜೋರಾಯಿತು’ ಅಂತ ಅನಿಸುವುದಿಲ್ಲ, ‘ಚೆಂದ ಆಯಿತು, ಸ್ಪಷ್ಟ ಆಯಿತು’ ಅಂತ ಅನಿಸುತ್ತದೆ. ಸುಮಾರು ಪ್ರೀಸೆಟ್‌ಗಳು (ಪ್ಲಗಿನ್‌ನಲ್ಲಿ ಮೊದಲೇ ಮಾಡಿಟ್ಟ ಸೆಟ್ಟಿಂಗ್) ಲೋಡ್ ಆದ ಕೂಡಲೇ ಸದ್ದನ್ನು ಏರಿಸುತ್ತವೆ. ನನಗೆ ಇದು ಸರಿ ಕಾಣುವುದಿಲ್ಲ. ಕೊಳ್ಳುವವರು ಬೈಪಾಸ್ (ಪ್ಲಗಿನ್ ಆನ್-ಆಫ್ ಮಾಡುವ ಬಟನ್) ಒತ್ತಿ ನೋಡಿಯೇ ತೀರ್ಮಾನ ಮಾಡುತ್ತಾರೆ ಅಲ್ವಾ?

ಯೂಟ್ಯೂಬ್‌ನಲ್ಲಿ ಜೀವ ಮಾಯವಾದದ್ದಕ್ಕೂ ಇದೇ ಕಾರಣ. ಅಲ್ಲಿ ಹಾಡು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿದ್ದರೆ, ಪ್ಲೇ ಆಗುವಾಗ ಅಷ್ಟಕ್ಕೆ ಇಳಿಸುತ್ತಾರೆ. ನಿಮ್ಮ ಎರಡೂ ಫೈಲ್ ಇಳಿದು ಒಂದೇ ಮಟ್ಟಕ್ಕೆ ಬಂದವು, 2.9 ಡೆಸಿಬೆಲ್ ಲಾಭ ಅಲ್ಲಿಗೆ ಮುಗಿಯಿತು. ನೋಡಬೇಕಿದ್ದರೆ ಕಂಪ್ಯೂಟರ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ‘ಕಂಟೆಂಟ್ ಲೌಡ್‌ನೆಸ್’ ಅಂತ ಇರುವ ಕಡೆ ನಿಮ್ಮ ಹಾಡಿಗೆ ಸುಮಾರು 5 ಡೆಸಿಬೆಲ್ ತೋರಿಸುತ್ತದೆ. ಅಷ್ಟನ್ನು ಇಳಿಸಿದ್ದಾರೆ. ಜೋರು ಮಾಡುವಾಗ ಲಿಮಿಟರ್‌ಗೆ (ಮಿತಿ ಮೀರಿದ ಸದ್ದನ್ನು ಒತ್ತಿ ಹಿಡಿಯುವುದು) ಸಿಕ್ಕು ಚಪ್ಪಟೆಯಾದ ಡಪ್ಪಿನ ಏಟು ಮಾತ್ರ ಇಳಿಸಿದ ಮೇಲೂ ಚಪ್ಪಟೆಯೇ.

ಹಾಗಾದರೆ ಪ್ಲಗಿನ್ ಏನೂ ಮಾಡುತ್ತಿಲ್ಲವೇ? ಮಾಡುತ್ತಿದೆ. ಅದನ್ನು ಬೇರ್ಪಡಿಸಿ ಕೇಳಬೇಕು, ಅಷ್ಟೇ. ಹಾಡಿನ ಎರಡು ಕಾಪಿ ಅಕ್ಕಪಕ್ಕದ ಟ್ರ್ಯಾಕ್‌ನಲ್ಲಿ ಇಡಿ. ಒಂದರ ಮೇಲೆ ಪ್ಲಗಿನ್ ಹಾಕಿ, ಅದರ ಔಟ್‌ಪುಟ್ ಇಳಿಸಿ ಎರಡನ್ನೂ ಒಂದೇ ಲೌಡ್‌ನೆಸ್‌ಗೆ ತನ್ನಿ. ಅಳೆಯುವಾಗ ಹಾಡಿನ ಒಂದೇ ಭಾಗ ಹಿಡಿಯಿರಿ, ಪಲ್ಲವಿ ಒಂದು ಸುತ್ತು ಸಾಕು. ಈಗ ಬೈಪಾಸ್ ಒತ್ತಿ ಒತ್ತಿ ಕೇಳಿ, ಅರ್ಧ ಸಂಶಯ ಇಲ್ಲೇ ತೀರುತ್ತದೆ. ಆಮೇಲೆ ಒಂದು ಟ್ರ್ಯಾಕ್‌ನ ಪೊಲಾರಿಟಿ ತಿರುಗಿಸಿ (ಅಂದರೆ ದನಿಯ ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಒಟ್ಟಿಗೆ ಬಿಡಿ. ಎರಡರಲ್ಲೂ ಒಂದೇ ಆಗಿರುವುದು ಹೊಡೆದುಹೋಗಿ, ಬದಲಾದದ್ದು ಮಾತ್ರ ಉಳಿಯುತ್ತದೆ. ಇದಕ್ಕೆ ನಲ್ ಟೆಸ್ಟ್ ಅನ್ನುತ್ತಾರೆ.

ಆದರೆ ಇದರಲ್ಲೂ ಮೋಸ ಹೋಗುವ ಜಾಗಗಳಿವೆ. ಮಟ್ಟದಲ್ಲಿ ಬರೀ ಅರ್ಧ ಡೆಸಿಬೆಲ್ ವ್ಯತ್ಯಾಸ ಉಳಿದರೂ ಇಡೀ ಹಾಡು ಮೂಲಕ್ಕಿಂತ ಸುಮಾರು 25 ಡೆಸಿಬೆಲ್ ಕೆಳಗೆ ಕೇಳುತ್ತಲೇ ಇರುತ್ತದೆ. ‘ಅಬ್ಬಾ, ಎಷ್ಟು ಬದಲಾಯಿಸಿದೆ’ ಅಂದುಕೊಳ್ಳಬೇಡಿ. ಔಟ್‌ಪುಟ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಉಳಿದ ಸದ್ದು ಅತಿ ಸಣ್ಣದಾಗುವ ಜಾಗ ಹುಡುಕಿ. ಪ್ಲಗಿನ್ ತಡ ಮಾಡಿದರೆ, ಫೇಸ್ (ಅಲೆ ಏರಿಳಿಯುವ ಹೊತ್ತು) ತಿರುಗಿಸಿದರೆ ಆಗಲೂ ಉಳಿಕೆ ದೊಡ್ಡದಾಗುತ್ತದೆ, ಕಿವಿಗೆ ಮಾತ್ರ ವ್ಯತ್ಯಾಸ ತಿಳಿಯದೇ ಇರಬಹುದು. ಹಾಗಾಗಿ ಉಳಿಕೆ ಎಷ್ಟು ಜೋರು ಅನ್ನುವುದಕ್ಕಿಂತ ಅದರಲ್ಲಿ ಏನೇನು ಕೇಳುತ್ತದೆ ಅನ್ನುವುದನ್ನು ಗಮನಿಸಿ.

ನಿಮ್ಮ ಹಾಡಿನ ಉಳಿಕೆಯಲ್ಲಿ ನನಗೆ ಸಿಕ್ಕಿದ್ದು ಇದು. ಗಾಯಕರ ಸ, ಶ, ಚ ಅಕ್ಷರಗಳು ಪ್ರತಿ ಸಾಲಿನಲ್ಲೂ ಚುರುಕಾಗಿ ಎದ್ದು ಬರುತ್ತವೆ. ತಾಳದ ಕಿಣಿಕಿಣಿ ಇದೆ. ಡಪ್ಪಿನ ಏಟಿನ ತುದಿ ಮಾತ್ರ ಇದೆ, ಅದರ ದಪ್ಪ ದನಿ ಇಲ್ಲ. ಇನ್ನು ಸಾಲು ಮುಗಿದು ಗಾಯಕರು ಉಸಿರು ತಗೊಳ್ಳುವ ಕಡೆಯೆಲ್ಲ ಹಿಂದಿನಿಂದ ಪವರ್‌ಲೂಮ್‌ನ ಖಟಖಟ ಕೇಳುತ್ತದೆ! ಮೂಲ ಫೈಲ್‌ನಲ್ಲೂ ಅದು ಇದೆ, ಆದರೆ ಗಮನಕ್ಕೆ ಬರದಷ್ಟು ಕೆಳಗಿದೆ. ಪ್ಲಗಿನ್ ಅದನ್ನೂ ಹಾಡಿನ ಭಾಗ ಅಂತ ತಿಳಿದು ಮೇಲೆತ್ತಿದೆ.

ಅಂದರೆ ನಿಮ್ಮ ಕೈಯಲ್ಲಿರುವುದು ಎಕ್ಸೈಟರ್ ಜಾತಿಯದು. ಇದು ಹಳೆಯ ಉಪಾಯ. 1970ರ ದಶಕದಲ್ಲಿ ಅಫೆಕ್ಸ್ ಕಂಪನಿಯ ಆರಲ್ ಎಕ್ಸೈಟರ್ ಬಂದಾಗ ಅದನ್ನು ಮಾರುತ್ತಿರಲಿಲ್ಲ, ಹಾಡಿನ ನಿಮಿಷಕ್ಕೆ ಇಷ್ಟು ಅಂತ ಬಾಡಿಗೆಗೆ ಕೊಡುತ್ತಿದ್ದರು. ಕೆಲಸ ಇಷ್ಟೇ: ಮೇಲಿನ ದನಿಯನ್ನು ಫಿಲ್ಟರ್ ಮಾಡಿ ತೆಗೆದು, ಅದನ್ನು ಸ್ವಲ್ಪ ಒಡೆಸಿ ಹೊಸ ಹಾರ್ಮೋನಿಕ್ಸ್ (ಮೂಲ ದನಿಯ ಎರಡು ಪಟ್ಟು, ಮೂರು ಪಟ್ಟು ಮೇಲಿನ ದನಿಗಳು) ಹುಟ್ಟಿಸಿ, ಮೂಲದೊಳಗೆ ತುಸುವೇ ಬೆರೆಸುವುದು. ನಿಮ್ಮ ಉಳಿಕೆಯಲ್ಲಿ 3 ಕಿಲೋಹರ್ಟ್ಜ್ ಕೆಳಗೆ ಏನೂ ಇಲ್ಲದಂತೆಯೇ. ಡಪ್ಪು ತುಂಬಿಕೊಂಡದ್ದು ಪ್ಲಗಿನ್‌ನ ಕೆಲಸವಲ್ಲ, ಬರೀ ಜೋರಿನದು. ಗಾಯಕರು ಹೇಳಿದ ‘ಚುಚ್ಚತೈತಿ’ ಮಾತ್ರ ನೂರಕ್ಕೆ ನೂರು ನಿಜ. ಅವರ ಮಾತು ಕೇಳಿ.

ತಾಳದ ವಿಷಯದಲ್ಲಿ ಇನ್ನೊಂದು ತೊಂದರೆಯಿದೆ. 9 ಕಿಲೋಹರ್ಟ್ಜ್ ದನಿಯ ಮೂರನೇ ಹಾರ್ಮೋನಿಕ್ 27ಕ್ಕೆ ಬೀಳಬೇಕು. 44.1 ಕಿಲೋಹರ್ಟ್ಜ್ ಸೆಷನ್‌ನಲ್ಲಿ (ಸೆಕೆಂಡಿಗೆ 44,100 ಸಲ ದನಿ ಅಳೆಯುವ ರೆಕಾರ್ಡಿಂಗ್) ಅದರ ಅರ್ಧ, ಅಂದರೆ 22.05ರ ಮೇಲೆ ಜಾಗವೇ ಇಲ್ಲ. ಅದು ಮಡಚಿಕೊಂಡು 17.1ಕ್ಕೆ ಬಂದು ಕೂರುತ್ತದೆ, ಮೂಲ ದನಿಗೂ ಅದಕ್ಕೂ ಸಂಬಂಧವಿಲ್ಲ. ಇದೇ ಅಲಿಯಾಸಿಂಗ್. ಪ್ಲಗಿನ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಒಳಗೆ ಇನ್ನೂ ಹೆಚ್ಚಿನ ದರದಲ್ಲಿ ಲೆಕ್ಕ ಮಾಡುವುದು) ಬಟನ್ ಇದ್ದರೆ ಆನ್ ಮಾಡಿ, ಬಹಳಷ್ಟು ಕಡಿಮೆಯಾಗುತ್ತದೆ.

ಈಗ ಏನು ಮಾಡಬೇಕು? ಪ್ಲಗಿನ್ ಎಸೆಯುವುದು ಬೇಡ, ಮಾಸ್ಟರ್‌ನಿಂದ ತೆಗೆಯಿರಿ. ಮಂಕಾಗಿರುವ ಟ್ರ್ಯಾಕ್ ಯಾವುದೋ ಅದೊಂದರ ಮೇಲೆ ಹಾಕಿ. ನನಗೆ ಮಂಕು ಅನಿಸಿದ್ದು ಹಾರ್ಮೋನಿಯಂ. ಗಾಯಕರ ದನಿಗೆ ಎಕ್ಸೈಟರ್ ಬೇಕಾಗಿಲ್ಲ. 300 ಹರ್ಟ್ಜ್ ಸುತ್ತ ಹಾರ್ಮೋನಿಯಂ ಅವರ ದನಿಯನ್ನು ಮುಚ್ಚುತ್ತಿದೆ. ಅಲ್ಲಿ ಹಾರ್ಮೋನಿಯಂ ಅನ್ನು ಇಕ್ಯೂನಲ್ಲಿ (ಬೇಸ್, ಟ್ರೆಬಲ್ ಹೆಚ್ಚು ಕಡಿಮೆ ಮಾಡುವಂಥದ್ದು) 2-3 ಡೆಸಿಬೆಲ್ ತಗ್ಗಿಸಿ ನೋಡಿ, ಬೇಕಾದ ಸ್ಪಷ್ಟತೆ ತಾನೇ ಬರುತ್ತದೆ. ಇನ್ನು ದನಿ ರೆಕಾರ್ಡ್ ಮಾಡುವುದಕ್ಕೆ ಮಗ್ಗ ನಿಲ್ಲುವ ಹೊತ್ತು ನೋಡಿ. ಮೈಕ್‌ಗೆ ಹೋದ ಖಟಖಟ ಪೂರ್ತಿ ತೆಗೆಯುವ ಪ್ಲಗಿನ್ ನನಗಂತೂ ಸಿಕ್ಕಿಲ್ಲ.

ಪ್ರಶ್ನೆ: ಕೋರಸ್ ದನಿಗಳಿಗೆ ಸ್ಟೀರಿಯೋ ವೈಡನರ್ (ದನಿ ಎಡ ಬಲಕ್ಕೆ ಹರಡಿದ ಹಾಗೆ ಕೇಳಿಸುವ ಪ್ಲಗಿನ್) ಹಾಕಿದೆ. ಹೆಡ್‌ಫೋನ್‌ನಲ್ಲಿ ಭಾರಿ ಚೆಂದ. ಅದೇ ಹಾಡು ನಮ್ಮೂರ ಗುಡಿಯ ಮೈಕ್‌ನಲ್ಲಿ ಹಾಕಿದರೆ ಕೋರಸ್ ಕೇಳುವುದೇ ಇಲ್ಲ. ಯಾಕೆ? (ಇಂಡಿ)

ಉತ್ತರ: ಗುಡಿಯ ಹಾರ್ನ್ ಮೋನೋ. ಎಡ ಬಲ ಎರಡೂ ಸೇರಿ ಒಂದೇ ಆಗುತ್ತವೆ. ಕೆಲವು ವೈಡನರ್‌ಗಳು ಒಂದು ಬದಿಯ ಪೊಲಾರಿಟಿ ತಿರುಗಿಸಿ ಅಗಲ ತೋರಿಸುತ್ತವೆ. ಅವು ಮೋನೋದಲ್ಲಿ ಪರಸ್ಪರ ಹೊಡೆದುಹೋಗುತ್ತವೆ. ಇನ್ನು ಕೆಲವು ಒಂದು ಬದಿಯನ್ನು ಕೆಲವು ಮಿಲಿಸೆಕೆಂಡ್ ತಡ ಮಾಡುತ್ತವೆ. ತಡ 15 ಮಿಲಿಸೆಕೆಂಡ್ ಇದ್ದರೆ ಮೋನೋದಲ್ಲಿ 33, 100, 167 ಹರ್ಟ್ಜ್ ಹೀಗೆ ಮೇಲಿನವರೆಗೂ ಸಾಲಾಗಿ ಕುಳಿ ಬೀಳುತ್ತವೆ, ಅಲ್ಲಲ್ಲಿನ ದನಿ ಅಳಿಸಿಹೋಗುತ್ತದೆ, ದನಿ ಟೊಳ್ಳಾಗುತ್ತದೆ. ನಿಮ್ಮ ಕೋರಸ್ ಪೂರ್ತಿ ಮಾಯವಾಗಿದೆ ಅಂದರೆ ಮೊದಲನೆಯ ಜಾತಿಯೇ ಇರಬೇಕು.

ಮಿಕ್ಸ್ ಮಾಡುವಾಗ ಮಾಸ್ಟರ್‌ನಲ್ಲಿ ಮೋನೋ ಬಟನ್ ಒತ್ತಿ ಕೇಳುವ ರೂಢಿ ಇಟ್ಟುಕೊಳ್ಳಿ. ಅಗ್ಗದ ಫೋನ್, ಬ್ಲೂಟೂತ್ ಸ್ಪೀಕರ್ ಎಷ್ಟೋ ಮೋನೋನೇ. ಅಗಲ ಬೇಕೇ ಬೇಕು ಅಂದರೆ ಕೋರಸ್‌ನವರಿಂದ ಅದೇ ಸಾಲು ಇನ್ನೊಮ್ಮೆ ಹಾಡಿಸಿ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಿ. ಎರಡೂ ಬೇರೆ ಬೇರೆ ಹಾಡಿದ್ದಾದ್ದರಿಂದ ಹೊಡೆದುಹೋಗುವುದಿಲ್ಲ, ಯಾವ ವೈಡನರ್‌ಗಿಂತಲೂ ಚೆಂದ ಕೇಳುತ್ತದೆ.

ಪ್ರಶ್ನೆ: ಒಂದು ಪ್ಲಗಿನ್ ಆನ್ ಇದ್ದರೆ ನನಗೆ ಪಕ್ಕಾ ಗೊತ್ತಾಗುತ್ತದೆ. ಗೆಳೆಯ ‘ಏನೂ ಫರಕ್ ಇಲ್ಲ’ ಅನ್ನುತ್ತಾನೆ. ಯಾರದು ಸರಿ? (ಗೋಕಾಕ)

ಉತ್ತರ: ಜೋರು ಸಮ ಮಾಡಿ ಎರಡು ಫೈಲ್ ತೆಗೆಯಿರಿ. ಯಾವುದನ್ನು ಹಾಕುತ್ತಿದ್ದಾನೆ ಅಂತ ನಿಮಗೆ ಕಾಣದ ಹಾಗೆ ಗೆಳೆಯ ಹಾಕಲಿ, ಪ್ರತಿ ಸಲ ಯಾವುದು ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಲಿ. ನೀವು ಯಾವುದು ಅಂತ ಹೇಳಿ. ಇಬ್ಬರೇ ಮಾಡುವುದು ಕಷ್ಟ ಆದರೆ ಫೂಬಾರ್2000 ಅನ್ನುವ ಮ್ಯೂಸಿಕ್ ಪ್ಲೇಯರ್‌ಗೆ ಎಬಿಎಕ್ಸ್ ಅನ್ನುವ ಉಚಿತ ಸಲಕರಣೆ ಇದೆ, ಕಂಪ್ಯೂಟರ್ ತಾನೇ ಕಲಸಿ ಕೇಳಿಸುತ್ತದೆ. 16 ಸಲಕ್ಕೆ 12 ಸಲ ಸರಿ ಹೇಳಿದರೆ ಸುಮ್ನೆ ಊಹೆ ಅಂತ ತಳ್ಳಿಹಾಕಲು ಆಗುವುದಿಲ್ಲ. ಬರೀ ಊಹೆಯಿಂದ 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬರುವ ಸಾಧ್ಯತೆ ನೂರಕ್ಕೆ 4ರಷ್ಟು ಮಾತ್ರ. ಎಷ್ಟು ಸಲ ಅಂತ ಮೊದಲೇ ನಿರ್ಧರಿಸಿ ಶುರು ಮಾಡಿ. ಸರಿ ಬಂದಾಗ ನಿಲ್ಲಿಸಿಬಿಟ್ಟರೆ ಲೆಕ್ಕ ಕೆಡುತ್ತದೆ. 16ನ್ನೂ ಒಂದೇ ಸಲಕ್ಕೆ ಮುಗಿಸಬೇಡಿ, ಎಂಟಾದ ಮೇಲೆ ಎದ್ದು ಚಹಾ ಕುಡಿದು ಬಂದು ಉಳಿದದ್ದು ಮಾಡಿ. ಕಿವಿ ದಣಿದರೆ ಇದ್ದ ಫರಕ್ಕೂ ತಿಳಿಯುವುದಿಲ್ಲ.