ಮೂಟೆ ಕಟ್ಟಿದರೆ ಹ್ಯಾಂಡಲ್ ಅಲ್ಲಾಡುತ್ತೆ ಅಂದವರಿಗೆ

ದೇವರಾಜ ಮಾರುಕಟ್ಟೆಯಿಂದ ಕುವೆಂಪುನಗರಕ್ಕೆ 25 ಕೆಜಿ ಅಕ್ಕಿ ಮೂಟೆ ತರುವಾಗ ಹ್ಯಾಂಡಲ್ ಅಲ್ಲಾಡುತ್ತೆ, ಸೈಕಲ್ಲೇ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ ಸರ್, ಮೊದಲು ಮೂಟೆ ಕೂರಿಸುವ ಜಾಗ ಬದಲಿಸಿ ನೋಡಿ.

ಭಾರ ಹಿಂದಿನ ಚಕ್ರದ ಆಕ್ಸಲ್ (ನಡುವಿನ ಅಚ್ಚು) ದಾಟಿ ಹಿಂದಕ್ಕೆ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತೆ, ಹ್ಯಾಂಡಲ್ ಹಿಡಿತ ತಪ್ಪುತ್ತೆ. ಹಾಗಾಗಿ ಮೂಟೆಯನ್ನು ಸೀಟಿನ ಕಂಬಿಗೆ ಒತ್ತಿ ಕೂರಿಸಿ. ಇನ್ನೂ ಒಳ್ಳೆಯದು, ಅಕ್ಕಿಯನ್ನು ಎರಡು ಚೀಲಕ್ಕೆ ಸಮನಾಗಿ ಸುರಿದು ಕ್ಯಾರಿಯರ್‌ನ ಎರಡೂ ಪಕ್ಕಕ್ಕೆ ಇಳಿಬಿಡಿ. ಭಾರ ಕೆಳಗಿದ್ದರೆ ಸೈಕಲ್ ವಾಲುವುದು ಕಡಿಮೆ. ಹೊರಡುವ ಮುನ್ನ ಪೆಡಲ್ ಒಂದು ಸುತ್ತು ತಿರುಗಿಸಿ, ಹಿಮ್ಮಡಿ ಚೀಲಕ್ಕೆ ತಾಗಬಾರದು. ಚೀಲದ ಮೂಲೆ ಸ್ಪೋಕಿಗೆ ಸಿಗದಂತೆಯೂ ಕಟ್ಟಿ.

ಬರೀ ಟ್ಯೂಬ್ ರಬ್ಬರ್‌ನಲ್ಲಿ ಕಟ್ಟುವುದೇ ಹೆಚ್ಚಿನವರ ತಪ್ಪು. ರಬ್ಬರ್ ಹಿಗ್ಗುತ್ತೆ, ತಿರುವಿನಲ್ಲಿ ಮೂಟೆ ಒಂದು ಕಡೆ ಜಾರಿ ಮತ್ತೆ ವಾಪಸ್ ಬಡಿಯುತ್ತೆ. ಮೊದಲು ನೈಲಾನ್ ಹಗ್ಗದಲ್ಲಿ ಅಡ್ಡಡ್ಡ ಬಿಗಿಯಿರಿ, ಅದರ ಮೇಲೆ ರಬ್ಬರ್ ಹಾಕಿ.

ಕ್ಯಾರಿಯರನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಅಲುಗಿದರೆ ಬೋಲ್ಟ್‌ಗಳನ್ನು ಬಿಗಿ ಮಾಡಿಸಿ, ಮತ್ತೆ ಸಡಿಲಾಗದಂತೆ ಸ್ಪ್ರಿಂಗ್ ವಾಷರ್ ಹಾಕಿಸಿ. ಎಷ್ಟು ಕೆಜಿ ತಡೆಯುತ್ತೆ ಅಂತ ಹಲವು ಕ್ಯಾರಿಯರ್‌ಗಳ ಮೇಲೆ ಅಚ್ಚೊತ್ತಿರುತ್ತೆ, ಅದನ್ನು ದಯವಿಟ್ಟು ಮೀರಬೇಡಿ. ಹಿಂದಿನ ಟೈರಿನ ಗಾಳಿ ಅದರ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿಯ ಹತ್ತಿರ ಇರಲಿ. ಗಾಳಿ ಕಡಿಮೆಯಿದ್ದರೂ ಇದೇ ಥರ ತೂರಾಡುತ್ತೆ.

ಒಂಟಿ ಕಾಲಿನ ಸ್ಟ್ಯಾಂಡ್ ನಂಬಬೇಡಿ, ಗೋಡೆಗೆ ಒರಗಿಸಿ ಮೂಟೆ ಏರಿಸಿ. ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಮುಂಚೆಯೇ, ಮೆಲ್ಲಗೆ ಒತ್ತುತ್ತಾ ಬನ್ನಿ.