ಬಾಣ ಮಾರ್ಕ್ಸ್‌ನದು, ಗುರಿ ಚೀನಾದ್ದು

ಓದುಗರ ಪತ್ರ: ‘ಕಾರ್ಖಾನೆಗಳು ಬೆಳೆದ ದೇಶದಲ್ಲಿ ಕಾರ್ಮಿಕರಿಂದ ಕ್ರಾಂತಿ ಆಗುತ್ತದೆ ಅಂತ ಮಾರ್ಕ್ಸ್ ಹೇಳಿದ್ದು. ಚೀನಾದಲ್ಲಿ ಇದ್ದವರು ಬಹುಪಾಲು ರೈತರು. ಅವರು ಮಾರ್ಕ್ಸ್‌ವಾದಿಗಳಾದದ್ದು ಹೇಗೆ? ಸುಮ್ನೆ ಹೆಸರಿಟ್ಟುಕೊಂಡರಾ?’

ಸಂಪಾದಕರ ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಸಣ್ಣ ಕೊಂಕಿದೆ, ಇರಲಿ. ಚೀನಾದ ಕಮ್ಯುನಿಸ್ಟರೂ ಇದೇ ವಿಷಯಕ್ಕೆ ವರ್ಷಗಟ್ಟಲೆ ತಮ್ಮತಮ್ಮಲ್ಲೇ ಜಗಳವಾಡಿದ್ದಾರೆ.

ಮೊದಲು ಒಂದು ಪದದ ಕಥೆ. 1920ರಲ್ಲಿ ಚೆನ್ ವಾಂಗ್‌ದಾವ್ ಕಮ್ಯುನಿಸ್ಟ್ ಪ್ರಣಾಳಿಕೆಯನ್ನು ಪೂರ್ತಿಯಾಗಿ ಚೀನಿ ಭಾಷೆಗೆ ತಂದರು. ಮಾರ್ಕ್ಸ್‌ನ ‘ಪ್ರೊಲೆಟೇರಿಯಟ್’ಗೆ ಚೀನಿಯಲ್ಲಿ ನೆಲೆ ನಿಂತ ಮಾತು ‘ವೂಛಾನ್ ಜಿಯೇಜಿ’. ‘ವೂ’ ಎಂದರೆ ಇಲ್ಲ, ‘ಛಾನ್’ ಎಂದರೆ ಆಸ್ತಿ. ಆಸ್ತಿ ಇಲ್ಲದವರ ವರ್ಗ. ನಾವು ‘ಕಾರ್ಮಿಕ ವರ್ಗ’ ಅಂದಾಗ ಕಣ್ಣ ಮುಂದೆ ಬರುವುದು ಫ್ಯಾಕ್ಟರಿ ಗೇಟು. ‘ಆಸ್ತಿ ಇಲ್ಲದವರು’ ಅಂದರೆ ಗೇಣಿ ಕಟ್ಟಿ ಕಟ್ಟಿ ಸೋತ ರೈತನಿಗೂ ಅದರಲ್ಲಿ ಜಾಗ ಸಿಗುತ್ತದೆ, ಅಲ್ವಾ? ಪದವೊಂದೇ ಕ್ರಾಂತಿ ಮಾಡಲಿಲ್ಲ, ಒಪ್ಪುತ್ತೇನೆ. ಆದರೂ ನನಗೆ ಈ ಕಥೆ ತುಂಬ ಇಷ್ಟ.

1921ರಲ್ಲಿ ಶಾಂಘೈನಲ್ಲಿ ಪಕ್ಷ ಹುಟ್ಟಿದಾಗ ಸದಸ್ಯರು ಐವತ್ತು ಚಿಲ್ಲರೆ ಮಂದಿ. ಅವರು ಮೊದಲು ನಂಬಿದ್ದು ಪಟ್ಟಣದ ಕಾರ್ಮಿಕರನ್ನೇ. 1927ರ ಆರಂಭದಲ್ಲಿ ಮಾವೋ 32 ದಿನ ಹುನಾನ್ ಪ್ರಾಂತ್ಯದ ಹಳ್ಳಿಗಳನ್ನು ಸುತ್ತಿ, ರೈತ ಸಂಘಗಳು ಜಮೀನ್ದಾರರನ್ನು ನಡುಗಿಸುತ್ತಿವೆ ಎಂದು ವರದಿ ಬರೆದ. ಪಕ್ಷದ ಹಿರಿಯರಿಗೆ ಅದು ಅಷ್ಟೇನೂ ರುಚಿಸಲಿಲ್ಲ. ಅದೇ ಏಪ್ರಿಲ್‌ನಲ್ಲಿ ರಾಷ್ಟ್ರವಾದಿ ಪಕ್ಷದ ನಾಯಕ ಚಿಯಾಂಗ್ ಕೈ-ಷೇಕ್ ಶಾಂಘೈನ ಕಾರ್ಮಿಕ ಸಂಘಗಳ ಮೇಲೆ ಬಿದ್ದ. ಸಿಕ್ಕವರನ್ನು ಕೊಲ್ಲಿಸಿದ. ಪಟ್ಟಣ ಕೈಬಿಟ್ಟಿತು, ಉಳಿದವರು ಬೆಟ್ಟ ಹತ್ತಿದರು. ಹಾಗಾಗಿ ನನ್ನ ಲೆಕ್ಕದಲ್ಲಿ ಅವರನ್ನು ಹಳ್ಳಿಗೆ ಅಟ್ಟಿದ್ದು ಸಿದ್ಧಾಂತಕ್ಕಿಂತ ಜಾಸ್ತಿ ಆ ಪೆಟ್ಟು. ಸಿದ್ಧಾಂತವನ್ನು ಆಮೇಲೆ ಹೊಂದಿಸಿಕೊಂಡರು.

ಹೊಂದಿಸುವ ಕೆಲಸ ನಡೆದದ್ದು ಆಮೇಲೆ ಪಕ್ಷದ ನೆಲೆಯಾದ ಯೆನಾನ್‌ನಲ್ಲಿ. ‘ಮಾರ್ಕ್ಸ್‌ವಾದದ ಚೀನೀಕರಣ’ ಎಂಬ ಮಾತನ್ನು ಮಾವೋ 1938ರಲ್ಲಿ ಅಲ್ಲೇ ಆಡಿದ. 1941ರಲ್ಲಿ ಇನ್ನೂ ಸುಲಭ ಮಾಡಿ ಹೇಳಿದ: ಮಾರ್ಕ್ಸ್‌ವಾದ-ಲೆನಿನ್‌ವಾದ ಬಾಣ, ಚೀನಾದ ಕ್ರಾಂತಿ ಗುರಿ. ಮಾಸ್ಕೋದಲ್ಲಿ ಓದಿ ಬಂದು ಪುಸ್ತಕ ಒಪ್ಪಿಸುತ್ತಿದ್ದವರಿಗೆ ಕೊಟ್ಟ ಏಟು ಅದು. ಜೊತೆಗೆ ಹಾನ್ ವಂಶದ ಹಳೆಯ ಚರಿತ್ರೆಯಿಂದ ನಾಲ್ಕಕ್ಷರದ ನುಡಿಯೊಂದನ್ನು ಎತ್ತಿಕೊಂಡ: ‘ಶಿ ಶಿ ಚಿಯೂ ಶಿ’. ಇದ್ದದ್ದನ್ನು ನೋಡಿ ನಿಜ ಹುಡುಕು ಅಂತ. ವಿದ್ಯೆಯಲ್ಲಿ ಆಸಕ್ತಿಯಿದ್ದ ಒಬ್ಬ ರಾಜಕುಮಾರನನ್ನು ಹೊಗಳಿದ ಮಾತು ಪಕ್ಷದ ಘೋಷಣೆ ಆಯಿತು.

ಆದರೆ ಇದ್ದದ್ದು ಏನು ಅಂತ ಹೇಳುವವರು ಯಾರು? ತೊಡಕು ಇರುವುದೇ ಇಲ್ಲಿ. ಪಕ್ಷ ಅಧಿಕಾರಕ್ಕೆ ಬಂದ ಮೇಲೆ, 1958ರಲ್ಲಿ, ಉತ್ಪಾದನೆಯನ್ನು ಒಂದೇ ಏಟಿಗೆ ಏರಿಸುವ ಮಾವೋನ ‘ಮಹಾ ಜಿಗಿತ’ ಶುರುವಾಯಿತು. ಹಳ್ಳಿಗಳನ್ನು ಒಟ್ಟುಗೂಡಿಸಿ, ಹೊಲ ಎಲ್ಲರದೂ ಎನ್ನುವ ಕಮ್ಯೂನ್ ಮಾಡಿದರು, ಹಿತ್ತಲಲ್ಲಿ ಕುಲುಮೆ ಹಾಕಿ ಉಕ್ಕು ಕರಗಿಸಿದರು. ಇಷ್ಟು ಬೆಳೆದಿದ್ದೇವೆ, ಅಷ್ಟು ಬೆಳೆದಿದ್ದೇವೆ ಎಂದು ಕೆಳಗಿನವರು ಸುಳ್ಳು ಲೆಕ್ಕ ಕಳಿಸಿದರು. 1959ರಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಕಂಡದ್ದನ್ನು ಮಾವೋಗೆ ಪತ್ರದಲ್ಲಿ ಬರೆದ. ಮಂತ್ರಿಗಿರಿ ಹೋಯಿತು. ಆ ಜಿಗಿತ ತಂದ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತರು.

ಮಾವೋ ಸತ್ತ ಮೇಲೆ, 1978ರಲ್ಲಿ, ಪಕ್ಷದ ಚುಕ್ಕಾಣಿ ಹಿಡಿಯುತ್ತಿದ್ದ ಡೆಂಗ್ ಶಿಯಾವೋಪಿಂಗ್ ಹಿಡಿದದ್ದೂ ಅದೇ ನಾಲ್ಕಕ್ಷರ. ಈ ಸಲ ಮಾವೋ ಹೇಳಿದ್ದೆಲ್ಲ ಸರಿ ಎನ್ನುವವರ ಬಾಯಿ ಮುಚ್ಚಿಸಲಿಕ್ಕೆ! ಅದೇ ವರ್ಷ ಆನ್‌ಹುಯಿ ಪ್ರಾಂತ್ಯದ ಶಿಯಾವೋಗಾಂಗ್ ಹಳ್ಳಿಯ 18 ರೈತರು ಹೊಲವನ್ನು ಮನೆಮನೆಗೆ ಹಂಚಿಕೊಂಡು ಗುಟ್ಟಾಗಿ ಕರಾರು ಬರೆದುಕೊಂಡರು. ಮೊದಲು ಅಪರಾಧವಾಗಿದ್ದದ್ದು ಆಮೇಲೆ ನೀತಿಯಾಯಿತು. ಮಾರುಕಟ್ಟೆ ಬಂದ ಮೇಲೆ ಅದಕ್ಕೂ ಮಾರ್ಕ್ಸ್‌ನಲ್ಲೇ ಆಧಾರ ಹುಡುಕಿದರು. ಉತ್ಪಾದನೆ ಬೆಳೆಯದೆ ಸಮಾಜವಾದ ಬಲಿಯುವುದಿಲ್ಲ, ನಾವಿನ್ನೂ ‘ಪ್ರಾಥಮಿಕ ಹಂತ’ದಲ್ಲಿದ್ದೇವೆ ಎಂದು 1987ರ ಪಕ್ಷದ ಮಹಾಧಿವೇಶನ ಹೇಳಿತು. ಜಾಣತನ ಅನ್ನಿ, ಆದರೆ ಮಾರ್ಕ್ಸ್‌ನನ್ನು ಓದದವರಿಗೆ ಹೊಳೆಯುವ ಜಾಣತನ ಅಲ್ಲ.

ಅದಕ್ಕೇ ‘ಬರೀ ಹೆಸರು’ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪೂರ್ತಿ ತಳ್ಳಿಹಾಕುವುದೂ ಕಷ್ಟ. 2018ರಲ್ಲಿ ಮಾರ್ಕ್ಸ್ ಹುಟ್ಟಿ 200 ವರ್ಷ ತುಂಬಿದಾಗ ಚೀನಾ ಅವನ ಹುಟ್ಟೂರು ಟ್ರಿಯರ್‌ಗೆ ದೊಡ್ಡ ಕಂಚಿನ ಪ್ರತಿಮೆ ಕಳಿಸಿಕೊಟ್ಟಿತು. ಅದೇ ವರ್ಷ ಶೆನ್‌ಝೆನ್‌ನ ಕಾರ್ಖಾನೆಯೊಂದರಲ್ಲಿ ಸಂಘ ಕಟ್ಟಲು ಹೊರಟ ಕಾರ್ಮಿಕರ ಬೆನ್ನಿಗೆ ವಿಶ್ವವಿದ್ಯಾಲಯಗಳ ಮಾರ್ಕ್ಸ್‌ವಾದಿ ವಿದ್ಯಾರ್ಥಿಗಳು ನಿಂತರು. ಪೊಲೀಸರು ಅವರನ್ನು ಎಳೆದೊಯ್ದರು.