ಬೌದ್ಧ ಸಾಧನೆಯಲ್ಲಿ ಭಕ್ತಿಯ ಜೊತೆಗೆ ಅಷ್ಟೊಂದು ಶಾಸ್ತ್ರಾಭ್ಯಾಸ ಏಕೆ?

ಬೋಧಿಗೆ (ಜ್ಞಾನೋದಯಕ್ಕೆ) ಒಯ್ಯುವ ಬಲ ಒಂದಲ್ಲ, ಐದು ಎಂಬುದೇ ಕಾರಣ. ಕೊಡಗಿನ ಕುಶಾಲನಗರದಿಂದ ಕಾವೇರಿ ದಾಟಿ, ಬೈಲಕುಪ್ಪೆಯ ವಿಹಾರದ ಭಿಕ್ಷುಗಳನ್ನು ಕಂಡು ನೀವು ಕೇಳಿದ ಪ್ರಶ್ನೆಗೆ ಉತ್ತರ ಈ ಪಂಚಬಲಗಳಲ್ಲಿದೆ: ಶ್ರದ್ಧೆ, ವೀರ್ಯ (ಬಿಡದ ಪ್ರಯತ್ನ), ಸ್ಮೃತಿ (ಕ್ಷಣಕ್ಷಣದ ಎಚ್ಚರ), ಸಮಾಧಿ (ಮನಸ್ಸಿನ ಏಕಾಗ್ರತೆ) ಮತ್ತು ಪ್ರಜ್ಞೆ (ಇದ್ದುದನ್ನು ಇದ್ದಂತೆ ಕಾಣುವ ಅರಿವು). ಪ್ರಜ್ಞೆಯಿಲ್ಲದ ಶ್ರದ್ಧೆ ಮೂಢನಂಬಿಕೆಗೆ ಜಾರುತ್ತದೆ, ಶ್ರದ್ಧೆಯಿಲ್ಲದ ಪ್ರಜ್ಞೆ ಬರಿಯ ಜಾಣತನವಾಗುತ್ತದೆ. ಆದ್ದರಿಂದ ಇವೆರಡೂ ಸಮತೂಕದಲ್ಲಿರಬೇಕು; ಭಕ್ತಿ ಶ್ರದ್ಧೆಯನ್ನು ಬೆಳೆಸಿದರೆ ಶಾಸ್ತ್ರಾಭ್ಯಾಸ ಪ್ರಜ್ಞೆಯನ್ನು ಬೆಳೆಸುತ್ತದೆ. ಪ್ರಯತ್ನ ಮತ್ತು ಸಮಾಧಿಗಳ ನಂಟೂ ಇಂಥದ್ದೇ. ಸೋಣನೆಂಬ ಭಿಕ್ಷು ಎಡೆಬಿಡದೆ ನಡೆಯುತ್ತ ಧ್ಯಾನಿಸಿ ಅಂಗಾಲು ಒಡೆದು ರಕ್ತ ಬಂದಾಗ, ಹಿಂದೆ ವೀಣೆ ನುಡಿಸುತ್ತಿದ್ದ ಅವನಿಗೆ ಬುದ್ಧನು, ತಂತಿಯನ್ನು ತೀರಾ ಬಿಗಿದರೂ ತೀರಾ ಸಡಿಲಿಸಿದರೂ ನಾದ ಹೊಮ್ಮದೆಂಬುದನ್ನು ನೆನಪಿಸಿದನು. ಸ್ಮೃತಿ ಮಾತ್ರ ಎಷ್ಟಿದ್ದರೂ ಹೆಚ್ಚಾಗದು. ಉಳಿದ ನಾಲ್ಕರಲ್ಲಿ ಯಾವುದು ಮಿತಿಮೀರಿತೆಂದು ಗುರುತಿಸುವುದು ಅದೇ.